ಸೆಟ್ಟರ್ ಅಣ್ಣ ಬಿಟ್ಟು ಹೋದ ಮೇಲೆ

ಕಳೆದ ವಾರ ಹಳೆಯ ಗೆಳೆಯನೊಬ್ಬ ಫೋನ್ ಮಾಡಿದ್ದ. ಪೀಣ್ಯದಲ್ಲೇ ಅವನದೊಂದು ಚಿಕ್ಕ ಮಷೀನ್ ಶಾಪ್ ಇದೆ. ಮೂರು ವಿಎಂಸಿ, ಎರಡು ಸಿಎನ್‌ಸಿ ಲೇತ್, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಲೋಹ ಕಡೆಯುವ ಮಷೀನ್‌ಗಳು. "ಸೂಪರ್ ಸೆಟ್ಟರ್ ಒಬ್ಬ ಸಿಕ್ಕಿದ್ದಾನೆ ಗುರು. ಏನ್ ಕೈ ಅಂತೀಯಾ! ಇನ್ನು ನನಗೆ ರಾತ್ರಿ ನಿದ್ದೆ ಬರುತ್ತೆ" ಅಂದ. ನನಗೆ ಖುಷಿಯೂ ಆಯಿತು, ಒಳಗೊಳಗೇ ಕಸಿವಿಸಿಯೂ ಆಯಿತು. ಹದಿಮೂರು ವರ್ಷದ ಹಿಂದೆ ಇದೇ ಮಾತನ್ನು ನಾನೂ ಹೇಳಿದ್ದೆ. ಆಮೇಲೆ ಏನಾಯಿತು ಅನ್ನೋದನ್ನ ಅವನಿಗೆ ಫೋನಿನಲ್ಲಿ ಅರ್ಧ ಹೇಳಿದೆ, ಅಷ್ಟರಲ್ಲಿ ಅವನಿಗೆ ಲೋಡ್ ಗಾಡಿ ಬಂತು. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲೂ ಅಂಥ ಒಬ್ಬರು ಕೆಲಸ ಮಾಡುತ್ತಿದ್ದರೆ, ದಯವಿಟ್ಟು ಓದಿ.

ಈ ಕಸುಬು ಗೊತ್ತಿಲ್ಲದವರಿಗೆ ಒಂದು ಮಾತು. ಸಿಎನ್‌ಸಿ ಮಷೀನ್ ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತದೆ, ನಿಜ. ಆದರೆ ಹೇಳುವವರು ಬೇಕಲ್ಲ. ಹೊಸ ಜಾಬ್ ಬಂದಾಗ ಪೀಸ್ ಹಿಡಿದಿಡುವ ಫಿಕ್ಸ್‌ಚರ್ ಕೂರಿಸಬೇಕು, ಟೂಲ್ ಕಟ್ಟಬೇಕು, ಟೂಲ್ ಎಲ್ಲಿ ನಿಲ್ಲಬೇಕು ಅನ್ನೋ ಅಳತೆ, ಅಂದರೆ ಆಫ್‌ಸೆಟ್, ಕೊಡಬೇಕು, ಮೊದಲ ಪೀಸ್ ತೆಗೆದು ಡ್ರಾಯಿಂಗಿಗೆ ಸರಿ ಬಂತಾ ನೋಡಬೇಕು. ಸರಿ ಬಂದ ಮೇಲೆ ಆಪರೇಟರ್ ಕೈಗೆ ಮಷೀನ್ ಹೋಗುತ್ತದೆ. ಇಷ್ಟನ್ನೂ ಮಾಡುವವನು ಸೆಟ್ಟರ್. ಸೆಟ್ಟಿಂಗ್ ನಡೆಯುವಾಗ ಮಷೀನ್ ನಿಂತಿರುತ್ತದೆ, ನಿಂತ ಮಷೀನ್ ಒಂದು ಪೈಸೆ ದುಡಿಯುವುದಿಲ್ಲ. ಅದಕ್ಕೇ ಒಳ್ಳೆ ಸೆಟ್ಟರ್ ಅಂದರೆ ಚಿಕ್ಕ ಶಾಪ್‌ಗಳಿಗೆ ಪ್ರಾಣ.

ಆಗ ನಾನಿದ್ದ ಕಂಪನಿಯಲ್ಲಿ ಹದಿನೆಂಟು ಜನ. ನಾನು ಪ್ರೊಡಕ್ಷನ್ ಇನ್‌ಚಾರ್ಜ್. ನಮ್ಮ ಸೆಟ್ಟರ್‌ಗೆ ಎಲ್ಲರೂ ಸೆಟ್ಟರ್ ಅಣ್ಣ ಅಂತಲೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ನನ್ನನ್ನು ಸಾರ್ ಅನ್ನುತ್ತಿದ್ದರು. ಓದಿದ್ದು ಐಟಿಐ ಅಷ್ಟೇ. ಕೈ ಮಾತ್ರ ಬೇರೆ ಥರ.

ಒಂದು ಉದಾಹರಣೆ ಹೇಳುತ್ತೇನೆ. ಬೀಡುಕಬ್ಬಿಣದ ಬೇರಿಂಗ್ ಹೌಸಿಂಗ್ ಒಂದು ಬರುತ್ತಿತ್ತು. ಅದರ ಬೋರ್, ಅಂದರೆ ಒಳಗಿನ ತೂತು, 62 ಮಿಲಿಮೀಟರ್, ಎಚ್7 ಫಿಟ್. ಅಂದರೆ 62.000ಕ್ಕಿಂತ ಕಡಿಮೆ ಆಗಬಾರದು, 62.030ಕ್ಕಿಂತ ಜಾಸ್ತಿ ಆಗಬಾರದು. 30 ಮೈಕ್ರಾನ್ ಜಾಗ, ನಮ್ಮ ತಲೆಗೂದಲಿನ ಅರ್ಧ ದಪ್ಪವೂ ಇಲ್ಲ. ಬೋರಿಂಗ್ ಬಾರ್ ಒಳಗೆ ಇಳಿದಾಗ ಕೆಲವೊಮ್ಮೆ ಒಂದು ಕೀರಲು ದನಿ ಬರುತ್ತದೆ, ಬಾರ್ ನಡುಗುತ್ತಿದೆ ಅಂತ ಅರ್ಥ. ನಮಗೆಲ್ಲ ಆ ದನಿ ಕೇಳಿಸುವ ಹೊತ್ತಿಗೆ ಬೋರ್ ಒಳಗೆ ಅಲೆ ಅಲೆ ಗೆರೆ ಬಿದ್ದಿರುತ್ತಿತ್ತು. ಅಣ್ಣನಿಗೆ ಅದಕ್ಕೂ ಮುಂಚೆ ಕೇಳಿಸುತ್ತಿತ್ತು. ಅಂಗೈಯನ್ನು ಮಷೀನಿನ ಬಾಗಿಲಿಗೆ ಒತ್ತಿ ನಿಂತಿರುತ್ತಿದ್ದರು, ಒಮ್ಮೆಲೇ ಟೂಲ್ ಮುಂದೆ ಹೋಗದಂತೆ ತಡೆಯುವ ಫೀಡ್ ಹೋಲ್ಡ್ ಒತ್ತಿ, ಆರ್‌ಪಿಎಂ ಸ್ವಲ್ಪ ಇಳಿಸಿ, ಮತ್ತೆ ಬಿಡುತ್ತಿದ್ದರು. ದನಿ ತಣ್ಣಗಾಗುತ್ತಿತ್ತು. ಪೀಸ್ ಹೊರಗೆ ಬಂದ ಮೇಲೆ ಕೈಯೆಲ್ಲ ಕಪ್ಪು ಬೀಡಿನ ಪುಡಿ ಮಾಡಿಕೊಂಡು ಬೆರಳನ್ನು ಬೋರಿನೊಳಗೆ ಒಂದು ಸುತ್ತು ಓಡಿಸಿ, "ಆರಲಿ ಸಾರ್, ಬಿಸೀಲಿ ಅಳೆದರೆ ಸುಳ್ಳು ಹೇಳುತ್ತೆ" ಅನ್ನುತ್ತಿದ್ದರು. ಆರಿದ ಮೇಲೆ ಬೋರ್ ಗೇಜ್ ಹಾಕಿದರೆ 62.012, 62.014, ಸರಿಯಾಗಿ ನಡುವೆ. ಬೇರೆಯವರು ಮೂರು ಗಂಟೆ ತೆಗೆದುಕೊಳ್ಳುವ ಸೆಟ್ಟಿಂಗ್ ಇವರಿಗೆ ಐವತ್ತು ನಿಮಿಷ.

ಇಂಥವರು ಸಿಕ್ಕಾಗ ನಾವು ಏನು ಮಾಡಿದೆವು? ಎಲ್ಲರೂ ಮಾಡುವುದನ್ನೇ. ಕಷ್ಟದ ಜಾಬ್ ಎಲ್ಲ ಅವರಿಗೆ. ಅರ್ಜೆಂಟ್ ಎಲ್ಲ ಅವರಿಗೆ. ಬೇರೆ ಸೆಟ್ಟರ್ ಕೆಡಿಸಿದ್ದನ್ನು ಸರಿಮಾಡೋದೂ ಅವರೇ. ಆರು ತಿಂಗಳಲ್ಲಿ ಏನಾಯಿತೆಂದರೆ, ಒಂದರ ಪಕ್ಕ ಒಂದು ಮೂರು ಮಷೀನ್ ಕೆಂಪು ದೀಪ ಉರಿಸಿಕೊಂಡು ಅಣ್ಣನಿಗಾಗಿ ಕಾಯುತ್ತಿದ್ದವು. ಆಪರೇಟರ್‌ಗಳು ಅದಕ್ಕೆ ಮುಂಚೆ ಚಿಕ್ಕ ಪುಟ್ಟ ಆಫ್‌ಸೆಟ್ ತಾವೇ ಕೊಡುತ್ತಿದ್ದರು, ಟೂಲಿನ ತುದಿಯ ಕತ್ತರಿಸುವ ಬಿಲ್ಲೆ, ಅಂದರೆ ಇನ್ಸರ್ಟ್, ತಿರುಗಿಸಿ ಹಾಕುತ್ತಿದ್ದರು. ಈಗ ಎಲ್ಲದಕ್ಕೂ "ಅಣ್ಣ ಬರಲಿ". ಗೊತ್ತಿದ್ದ ಕೆಲಸವೂ ಅವರ ಕೈ ತಪ್ಪಿ ಹೋಯಿತು. ಅವರದೇನೂ ಸೋಮಾರಿತನ ಇರಲಿಲ್ಲ, ಅಣ್ಣ ಮಾಡಿದರೆ ಮಾತ್ರ ಸರಿ ಅನ್ನೋ ಗಾಳಿಯನ್ನು ನಾವೇ ಹಬ್ಬಿಸಿದ್ದೆವು.

ಇನ್ನು ಒಬ್ಬ ಅಕ್ಕನ ವಿಷಯ.

ಅಣ್ಣನ ಮಷೀನಿಂದ ಎರಡು ಹೆಜ್ಜೆ ದೂರದಲ್ಲಿ ಡೀಬರಿಂಗ್ ಟೇಬಲ್ ಇತ್ತು. ಲಗ್ಗೆರೆಯಿಂದ ಬರುತ್ತಿದ್ದ ಒಬ್ಬ ಅಕ್ಕ ಅಲ್ಲಿ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು, ಅಲ್ಯೂಮಿನಿಯಂ ಕವರ್‌ಗಳ ಅಂಚಿನಲ್ಲಿ ಉಳಿಯುವ ಚೂಪು ಚಕ್ಕೆಯನ್ನು, ನಾವು ಬರ್ ಅನ್ನುತ್ತೇವೆ, ಅರದಲ್ಲಿ ತೆಗೆಯುತ್ತಿದ್ದರು. ದಿನಕ್ಕೆ ಇನ್ನೂರು ಪೀಸ್. ಶಾಪಿನಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳ ಅವರದೇ. ಟೂಲ್ ಹೊಸದಾಗಿದ್ದರೆ ಅಂಚು ಸಣ್ಣಗೆ ಬರುತ್ತದೆ, ಸವೆಯುತ್ತಾ ಬಂದ ಹಾಗೆ ಬರ್ ದಪ್ಪ ಆಗುತ್ತದೆ. ಅಕ್ಕ ಹೆಬ್ಬೆರಳನ್ನು ಅಂಚಿನ ಉದ್ದಕ್ಕೂ ಎಳೆದು, ತಲೆ ಎತ್ತದೆ, "ಅಣ್ಣಾ, ಇವತ್ತು ಅಂಚು ದಪ್ಪ ಬರ್ತೈತೆ" ಅನ್ನುತ್ತಿದ್ದರು. ಅಣ್ಣ ಹೋಗಿ ಟೂಲ್ ಬದಲಿಸುತ್ತಿದ್ದರು. ಸೈಜ್ ಇನ್ನೂ ಹೊರಗೆ ಹೋಗಿರುತ್ತಿರಲಿಲ್ಲ. ಇನ್‌ಸ್ಪೆಕ್ಷನ್‌ಗೆ ಪೀಸ್ ಹೋಗುವ ಮೊದಲೇ ಕೆಲಸ ಮುಗಿದಿರುತ್ತಿತ್ತು. ಈ ಮಾತು ದಿನಕ್ಕೆ ಒಂದೋ ಎರಡೋ ಸಲ ಆಗುತ್ತಿತ್ತು, ನಾನು ಪಕ್ಕದಲ್ಲೇ ಓಡಾಡಿಕೊಂಡಿದ್ದರೂ ಒಂದು ದಿನವೂ ಅದನ್ನು ಕೆಲಸ ಅಂತ ಎಣಿಸಲಿಲ್ಲ. ಅಕ್ಕ ಅಣ್ಣ ಏನೋ ಮಾತಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

ಆ ವರ್ಷ ಆಯುಧಪೂಜೆ ಜೋರಾಗಿ ಆಯಿತು. ಮಷೀನಿಗೆಲ್ಲ ಸೇವಂತಿಗೆ ಹಾರ, ಸ್ಪಿಂಡಲ್‌ಗೆ ಅರಿಶಿನ ಕುಂಕುಮ, ಗೇಟಿನ ಮುಂದೆ ಬೂದುಗುಂಬಳ. ಓನರ್ ಸೆಟ್ಟರ್ ಅಣ್ಣನನ್ನು ಮುಂದೆ ಕರೆದು ಶಾಲು ಹೊದಿಸಿ, 15,000 ರೂಪಾಯಿಯ ಕವರ್ ಕೊಟ್ಟರು. "ಈ ವರ್ಷ ರಿಜೆಕ್ಷನ್ ಕಡಿಮೆ ಆಗಿದ್ದು ಇವರೊಬ್ಬರಿಂದ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಅಕ್ಕನೂ ತಟ್ಟಿದರು. ಉಳಿದವರಿಗೆ ಕಡ್ಲೆಪುರಿ, ಒಂದು ಸ್ವೀಟ್ ಬಾಕ್ಸ್, ಮಾಮೂಲಿ ಬೋನಸ್. ಅಣ್ಣನ ಮುಖ ನನಗೆ ಇನ್ನೂ ನೆನಪಿದೆ. ಖುಷಿ ಇರಲಿಲ್ಲ, ಯಾರ ಕಣ್ಣಿಗೂ ಕಣ್ಣು ಕೊಡದೆ ಶಾಲು ಮಡಿಸುತ್ತಾ ನಿಂತಿದ್ದರು.

ಅದಾಗಿ ಎರಡು ತಿಂಗಳಿಗೆ ಹೊಸ ಮಷೀನ್ ಬಂತು, ಜಾಗ ಸಾಲಲಿಲ್ಲ. ಹಿಂದಿನ ಶೆಡ್ ಬಾಡಿಗೆಗೆ ಹಿಡಿದು ಡೀಬರಿಂಗ್ ಟೇಬಲ್ ಅಲ್ಲಿಗೆ ಕಳಿಸಿದೆವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೇಔಟ್ ಹಾಕಿದ್ದು ನಾನೇ. ಪೀಸ್‌ಗಳು ಕ್ರೇಟ್ ತುಂಬಿದ ಮೇಲೆ ಹಿಂದಕ್ಕೆ ಹೋಗುತ್ತಿದ್ದವು. ಅಂಚು ದಪ್ಪ ಬಂದದ್ದು ಅಕ್ಕನ ಹೆಬ್ಬೆರಳಿಗೆ ಗೊತ್ತಾಗುವಾಗ ಕ್ರೇಟ್‌ನಲ್ಲಿ ನೂರಕ್ಕೂ ಜಾಸ್ತಿ ಪೀಸ್ ಇರುತ್ತಿತ್ತು. ಅಷ್ಟು ದೂರ ಬಂದು ಹೇಳೋಕೆ ಅವರಿಗೂ ಮನಸ್ಸಿರಲಿಲ್ಲ. ಯಾಕೆ ಇರಬೇಕು?

ರಿಜೆಕ್ಷನ್ ಏರಿತು. ನಮಗೆ ಕಂಡ ಕಾರಣ ಒಂದೇ, ಅಣ್ಣನ ಗಮನ ಕಡಿಮೆ ಆಗಿದೆ, ದುಡ್ಡು ಬಂದ ಮೇಲೆ ಹಗುರ ಆಗಿದ್ದಾರೆ. ಓನರ್ ಅದಕ್ಕೊಂದು ಔಷಧಿಯನ್ನೂ ಹುಡುಕಿದರು. ಸೂಪರ್‌ವೈಸರ್ ಮಾಡಿಬಿಡೋಣ, ಜವಾಬ್ದಾರಿ ಬರುತ್ತದೆ. ಅಣ್ಣ ಬೇಡ ಅಂದರು, ಸರಿಯಾಗಿ ನೆನಪಿದೆ, ಎರಡು ಸಲ ಅಂದರು. ನಾವು ಅದನ್ನು ಸಂಕೋಚ ಅಂದುಕೊಂಡೆವು. ಆಮೇಲೆ ಆ ಕೈ ರಿಜಿಸ್ಟರ್ ಬರೆಯಿತು, ಓಟಿ ಲೆಕ್ಕ ಹಾಕಿತು, ರಜಾ ಚೀಟಿಗೆ ಸೈನ್ ಮಾಡಿತು. ಹುಡುಗರ ಜೊತೆ ಟೀ ಕುಡಿಯುತ್ತಿದ್ದವರು ಒಬ್ಬರೇ ಕುಡಿಯತೊಡಗಿದರು. ಐದನೇ ತಿಂಗಳು ಕೆಲಸ ಬಿಟ್ಟರು.

ದೊಡ್ಡ ಕಂಪನಿಯೊಂದು ಅವರನ್ನು ಕರೆದುಕೊಂಡಿತು, ಸಂಬಳ ಒಂದೂವರೆ ಪಟ್ಟು. ವರ್ಷ ಕಳೆದ ಮೇಲೆ ಜಾಲಹಳ್ಳಿ ಕ್ರಾಸ್‌ನಲ್ಲಿ ಸಿಕ್ಕರು. ಕಾಫಿಗೆ ಕೂತೆವು. "ಅಲ್ಲಿ ನನ್ನ ಕೈಯೇ ಓಡ್ತಿಲ್ಲ ಸಾರ್" ಅಂದರು. ಮಷೀನ್ ಇಲ್ಲಿಗಿಂತ ಚೆನ್ನಾಗಿದೆ, ಟೂಲ್ ಎಲ್ಲ ಫಾರಿನ್, ಎಸಿ ರೂಮ್. "ಆದ್ರೆ ಯಾರೂ ಯಾರಿಗೂ ಏನೂ ಹೇಳಲ್ಲ. ನಮ್ಮಲ್ಲಿ ಆ ಅಕ್ಕ ಇದ್ರಲ್ಲ, ಅವರು ಕೂಗಿದರೆ ನಾನು ಟೂಲ್ ಹಾಕ್ತಿದ್ದೆ. ಅರ್ಧ ಬುದ್ಧಿ ಅವರದ್ದೇ. ಕವರ್ ಕೊಟ್ಟಾಗ ಅವತ್ತೇ ಹೇಳಬೇಕು ಅನ್ಕೊಂಡೆ, ಬಾಯಿ ಬರಲಿಲ್ಲ."

ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಹೊಟ್ಟೆ ಉರಿಯಿತು. ನಾವು ಒಬ್ಬ ಒಳ್ಳೆಯ ಕೆಲಸಗಾರನನ್ನು ಕಳೆದುಕೊಂಡಿದ್ದೆವು ಅಂತ ಗೊತ್ತಿತ್ತು. ಆದರೆ ಅವರ ಆ ಕೈ ನಡೆಯುತ್ತಿದ್ದುದೇ ಸುತ್ತ ಇದ್ದ ನಾಲ್ಕು ಕೈಗಳಿಂದ, ಆ ನಾಲ್ಕನ್ನು ನಾವೇ ಒಂದೊಂದಾಗಿ ಬಿಡಿಸಿದ್ದೆವು ಅನ್ನೋದು ಆಗ ತಿಳಿಯಿತು.

ಇದು ನಮ್ಮ ಶೆಡ್ಡಿನ ಕಥೆ ಮಾತ್ರ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಇದನ್ನು ಲೆಕ್ಕ ಹಾಕಿ ನೋಡಿದವರು ಇದ್ದಾರೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಬೋರಿಸ್ ಗ್ರೋಯ್ಸ್‌ಬರ್ಗ್ ಮತ್ತು ಜೊತೆಗಾರರು 1988ರಿಂದ 1996ರವರೆಗಿನ ಅಮೆರಿಕದ ಷೇರು ಅನಲಿಸ್ಟ್‌ಗಳನ್ನು ನೋಡಿದರು. 78 ಕಂಪನಿ, ಸಾವಿರಕ್ಕೂ ಹೆಚ್ಚು ಜನ, ಎಲ್ಲರೂ ತಮ್ಮ ಕೆಲಸದಲ್ಲಿ ಸ್ಟಾರ್‌ಗಳು. ಕಂಪನಿ ಬದಲಿಸಿದವರಲ್ಲಿ ನೂರಕ್ಕೆ 46 ಮಂದಿ ಮರು ವರ್ಷವೇ ಹಿಂದೆ ಬಿದ್ದರು. ತಮ್ಮ ತಂಡವನ್ನು ಜೊತೆಗೇ ಕರೆದುಕೊಂಡು ಹೋದವರಿಗೆ ಅಷ್ಟು ಪೆಟ್ಟು ಬೀಳಲಿಲ್ಲ. ಇನ್ನೊಂದು ಲೆಕ್ಕ ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೃದಯದ ಸರ್ಜನ್‌ಗಳು ಒಂದಕ್ಕಿಂತ ಹೆಚ್ಚು ಆಸ್ಪತ್ರೆಗಳಲ್ಲಿ ಆಪರೇಷನ್ ಮಾಡುತ್ತಾರೆ. ರಾಬರ್ಟ್ ಹಕ್‌ಮನ್, ಗ್ಯಾರಿ ಪಿಸಾನೊ ಅನ್ನೋ ಇಬ್ಬರು 1994 ಮತ್ತು 1995ರ ಆಪರೇಷನ್‌ಗಳನ್ನು ತೆಗೆದು ನೋಡಿದರು. ಒಂದು ಆಸ್ಪತ್ರೆಯಲ್ಲಿ ಜಾಸ್ತಿ ಆಪರೇಷನ್ ಮಾಡಿದಷ್ಟೂ ಆ ಸರ್ಜನ್ನಿನ ಫಲಿತಾಂಶ ಅಲ್ಲಿ ಸುಧಾರಿಸುತ್ತಿತ್ತು, ಆದರೆ ಅದೇ ಸರ್ಜನ್ ಬೇರೆ ಆಸ್ಪತ್ರೆಗೆ ಹೋದಾಗ ಆ ಸುಧಾರಣೆ ಜೊತೆಗೆ ಹೋಗುತ್ತಿರಲಿಲ್ಲ. ಅದೇ ಮನುಷ್ಯ, ಅದೇ ಕೈ! ಪಕ್ಕದಲ್ಲಿ ಕತ್ತರಿ ಕೊಡುವ ನರ್ಸ್ ಬೇರೆ, ಅರಿವಳಿಕೆ ಕೊಡುವವರು ಬೇರೆ. ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಪ್ಲಾಸ್ಟಿಕ್ ಸ್ಟೂಲು.

ನಮ್ಮಪ್ಪನಿಗೆ ಈ ವಿಷಯ ಹೇಳಿದಾಗ ಅವರು ಹಾರ್ವರ್ಡ್ ಗೀರ್ವರ್ಡ್ ಏನೂ ಬೇಡ ಅಂದುಬಿಟ್ಟರು. "ಚಂದ್ರನ್ನ ನೋಡು" ಅಂದರು. ನಮ್ಮ ಸ್ಪಿನ್ ಬೌಲರ್ ಬಿ.ಎಸ್. ಚಂದ್ರಶೇಖರ್. ಅಪ್ಪನಿಗೆ ಚಂದ್ರ ಅಂದರೆ ದೇವರು. ಪೋಲಿಯೊದಿಂದ ಸೊರಗಿದ ಬಲಗೈ, ಅದರಲ್ಲೇ ಬೌಲಿಂಗ್. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್, ಅಲ್ಲಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು. ಇದು ಎಲ್ಲರಿಗೂ ಗೊತ್ತು. ಅಪ್ಪ ಹೇಳಿದ್ದು ಶಾರ್ಟ್ ಲೆಗ್ ಬಗ್ಗೆ. ಅಲ್ಲಿ ಏಕನಾಥ ಸೋಲ್ಕರ್ ನಿಂತಿದ್ದರು, ಬ್ಯಾಟಿಗೆ ಕೈಯಳತೆ ದೂರದಲ್ಲಿ, ತಲೆಗೆ ಹೆಲ್ಮೆಟ್ ಇಲ್ಲದ ಕಾಲದಲ್ಲಿ. ಇಂಗ್ಲೆಂಡಿನ ಫ್ಲೆಚರ್ ಔಟಾದದ್ದು ಚಂದ್ರನ ಚೆಂಡಿಗೆ, ಸೋಲ್ಕರ್ ಕೈಗೆ. ಸೋಲ್ಕರ್ 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದವರು. ಚಂದ್ರನ ಗೂಗ್ಲಿ ಯಾವ ಕಡೆ ತಿರುಗುತ್ತದೆ ಅಂತ ಬ್ಯಾಟ್ಸ್‌ಮನ್‌ಗೆ ಗೊತ್ತಾಗುವುದಿಲ್ಲ ಸರಿ, ಚೆಂಡು ಬ್ಯಾಟಿಗೆ ಮುತ್ತಿಟ್ಟು ಚಿಮ್ಮಿದಾಗ ಹಿಡಿಯುವ ಕೈ ಅಲ್ಲಿರದಿದ್ದರೆ ಆ ಗೂಗ್ಲಿ ಸುಮ್ನೆ ಒಂದು ಒಳ್ಳೆಯ ಚೆಂಡು ಅಷ್ಟೇ, ವಿಕೆಟ್ ಆಗುವುದಿಲ್ಲ.

ಬ್ಯಾಟಿಂಗ್ ವಿಷಯಕ್ಕೆ ಬಂದರೆ ಚಂದ್ರ ಟೆಸ್ಟ್‌ನಲ್ಲಿ ತೆಗೆದ ವಿಕೆಟ್ 242, ಹೊಡೆದ ರನ್ 167. ವಿಕೆಟ್‌ಗಿಂತ ರನ್ನೇ ಕಡಿಮೆ. ಆದರೂ ಯಾರೂ ಅವರನ್ನು ಬ್ಯಾಟಿಂಗ್ ಸುಧಾರಿಸಿಕೊಂಡು ಬಾ ಅಂತ ಮನೆಗೆ ಕಳಿಸಲಿಲ್ಲ, ರನ್ ಹೊಡೆಯೋಕೆ ಬೇರೆಯವರಿದ್ದರು. ನಾವು ಸೆಟ್ಟರ್ ಅಣ್ಣನ ಕೈಗೆ ರಿಜಿಸ್ಟರ್ ಕೊಟ್ಟಿದ್ದು ಚಂದ್ರನನ್ನು ಓಪನಿಂಗ್ ಬ್ಯಾಟಿಂಗ್‌ಗೆ ಕಳಿಸಿದ ಹಾಗೆ.

ನಮ್ಮ ರಾಜ್ಯದ ತಂಡದ ಕಥೆಯನ್ನೂ ಅಪ್ಪ ಬಿಡಲಿಲ್ಲ. ಬಾಂಬೆ ಸತತವಾಗಿ 15 ವರ್ಷ ರಣಜಿ ಗೆದ್ದಿತ್ತು. 1973ರ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತು, ಅದೇ ಸೀಸನ್ನಿನಲ್ಲಿ ಪ್ರಸನ್ನ ನಾಯಕರಾಗಿದ್ದ ನಮ್ಮ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ತಡೆದು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ ತಂದಿತು. ಪ್ರಸನ್ನ, ಚಂದ್ರ ಅಂಥ ಇಬ್ಬರು ಬೌಲರ್‌ಗಳು ಅದಕ್ಕೂ ಹತ್ತು ವರ್ಷ ಮುಂಚೆಯೇ ಇದ್ದರು. ಕಪ್ ಬಂದಿರಲಿಲ್ಲ. ಆ ಸೆಮಿಫೈನಲ್‌ನಲ್ಲಿ ವಿಶ್ವನಾಥ್, ಬ್ರಿಜೇಶ್ ಪಟೇಲ್ ಇಬ್ಬರೂ ಸೆಂಚುರಿ ಹೊಡೆದು ಬೌಲರ್‌ಗಳ ಕೈಗೆ ಸಾಕಷ್ಟು ರನ್ ಇಟ್ಟಿದ್ದರು. ಇದನ್ನು ಹೇಳುವಾಗ ಅಪ್ಪನ ದನಿ ಏರುತ್ತಿತ್ತು, ಅವರಿಗೀಗ ಎಪ್ಪತ್ತಾರು.

ಹಾಗಾಗಿ ಈಗ ನಾನಿರುವ ಕಡೆ, ಐದು ವರ್ಷದ ಹಿಂದೆ ಅಂಥದ್ದೇ ಕೈಯ ಹುಡುಗನೊಬ್ಬ ಬಂದಾಗ, ನಾನು ಮೊದಲು ಕೇಳಿಕೊಂಡದ್ದು, ಇವನಿಗೆ ಶಾರ್ಟ್ ಲೆಗ್ ಯಾರು ಅಂತ.

ಹುಡುಗ ಹೊಸದುರ್ಗದ ಕಡೆಯವನು. ಜಿಟಿಟಿಸಿಯಲ್ಲಿ ಡಿಪ್ಲೊಮಾ ಮಾಡಿದವನು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಅದು, ಪೀಣ್ಯದ ಶಾಪ್‌ಗಳಿಗೆ ಅಲ್ಲಿಂದ ಬಂದ ಕೈಗಳು ಎಷ್ಟೋ. ಮಾತು ಕಡಿಮೆ. ಬಂದ ಮೂರನೇ ದಿನವೇ ಅವನ ಕೈ ಗೊತ್ತಾಯಿತು. ಓನರ್ ಮುಖ ಅರಳಿತು. ನಾನು ಓನರ್ ಹತ್ತಿರ ಒಂದು ದಿನ ಕೇಳಿಕೊಂಡೆ. ಏನೂ ಬದಲಿಸಬೇಡಿ, ಒಂದು ದಿನ ನಾನು ಸುಮ್ಮನೆ ಕೂತು ನೋಡುತ್ತೇನೆ ಅಂದೆ.

ಬೆಳಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗೆ ಒಂದು ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ಕೂತೆ. ಹುಡುಗ ಏನೇನು ಮಾಡುತ್ತಾನೆ, ಎಷ್ಟು ನಿಮಿಷ, ಬರೆದುಕೊಂಡೆ. ಊಟ, ಟೀ ತೆಗೆದರೆ ಹತ್ತಿರ ಹತ್ತಿರ ಎಂಟು ಗಂಟೆ. ಅದರಲ್ಲಿ ಅವನೊಬ್ಬನೇ ಮಾಡಬಲ್ಲ ಸೆಟ್ಟಿಂಗ್ ಕೆಲಸ 2 ಗಂಟೆ 50 ನಿಮಿಷ. ಉಳಿದದ್ದು? ಇನ್ಸರ್ಟ್ ಹುಡುಕಿದ್ದು. ಆಲನ್ ಕೀ ಹುಡುಕಿದ್ದು. ಸ್ಟೋರ್ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳುತ್ತಾ ಮೂರು ಸಲ ಓಡಾಡಿದ್ದು. ಫಸ್ಟ್ ಪೀಸ್ ಹಿಡಿದುಕೊಂಡು ಇನ್‌ಸ್ಪೆಕ್ಷನ್ ಬಾಗಿಲಲ್ಲಿ 55 ನಿಮಿಷ ನಿಂತದ್ದು. ಹಳೆ ಡ್ರಾಯಿಂಗಾ ಹೊಸ ಡ್ರಾಯಿಂಗಾ ಅಂತ ಆಫೀಸಿಗೆ ಹೋದದ್ದು. ನನಗೆ ಬೇಸರ ತಂದದ್ದು ಇನ್ನೊಂದು. ಆಫೀಸಿನವರು ಅವನಿಗೆ 11 ಸಲ ಫೋನ್ ಮಾಡಿ "ಆಯ್ತಾ?" ಅಂತ ಕೇಳಿದ್ದರು.

ಬೇರೆ ಕೆಲಸಗಳಲ್ಲೂ ಹೀಗೇ ಅಲ್ವಾ? ಸಾಫ್ಟ್‌ವೇರ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಹೇಳುತ್ತಾಳೆ, ಅವರ ಟೀಮಿನಲ್ಲಿ ಎಲ್ಲಾ ಗೊತ್ತಿರುವ ಒಬ್ಬನಿದ್ದಾನೆ, ಅವನ ದಿನ ಪೂರ್ತಿ ಮೀಟಿಂಗಿನಲ್ಲೇ ಹೋಗುತ್ತದೆ, ಕೋಡ್ ಬರೆಯುವುದು ರಾತ್ರಿ ಹತ್ತರ ಮೇಲೆ.

ಜಪಾನಿನ ಶಿಗಿಯೊ ಶಿಂಗೊ ಅನ್ನೋ ಎಂಜಿನಿಯರ್ ಈ ಸೆಟ್ಟಿಂಗ್ ವಿಷಯದಲ್ಲಿ ನಮಗೆಲ್ಲ ಗುರು. ಟೊಯೋಟಾದಲ್ಲಿ ಸಾವಿರ ಟನ್ನಿನ ಪ್ರೆಸ್ಸಿಗೆ ಡೈ, ಅಂದರೆ ಅಚ್ಚು, ಬದಲಿಸೋಕೆ ನಾಲ್ಕು ಗಂಟೆ ಹಿಡಿಯುತ್ತಿತ್ತು. ಮೊದಲು ಅದು ಒಂದೂವರೆ ಗಂಟೆಗೆ ಇಳಿಯಿತು, ಕೊನೆಗೆ 3 ನಿಮಿಷಕ್ಕೆ. ಮಷೀನ್ ನಿಂತಾಗ ಮಾತ್ರ ಮಾಡಲಾಗುವ ಕೆಲಸ ಯಾವುದು, ಮಷೀನ್ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದದ್ದು ಯಾವುದು, ಇವೆರಡನ್ನು ಬೇರೆ ಮಾಡಿ ಅನ್ನೋದು ಅವರ ಮೂಲ ಪಾಠ. ನಾನು ಅದೇ ಪ್ರಶ್ನೆಯನ್ನು ಮನುಷ್ಯನ ಸುತ್ತ ಕೇಳಿದೆ. ಈ ಹುಡುಗನೇ ಮಾಡಬೇಕಾದದ್ದು ಯಾವುದು, ಬೇರೆಯವರು ಮೊದಲೇ ಮಾಡಿಡಬಹುದಾದದ್ದು ಯಾವುದು?

ನಮ್ಮಲ್ಲಿ ಹನ್ನೆರಡು ವರ್ಷದಿಂದ ಆಪರೇಟರ್ ಆಗಿದ್ದ ಒಬ್ಬರಿದ್ದರು. ಕೈ ನಿಧಾನ, ಅದಕ್ಕೇ ಯಾವ ಪ್ರಮೋಷನ್ನೂ ಸಿಕ್ಕಿರಲಿಲ್ಲ. ಆದರೆ ಅವರ ಕಣ್ಣಿಗೆ ಬೀಳದ ವಸ್ತು ಇಲ್ಲ. ಯಾವ ಇನ್ಸರ್ಟ್ ಎಷ್ಟು ಪೀಸ್ ತಡೆಯಿತು ಅಂತ ಗೋಡೆ ಮೇಲೆ ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತಿದ್ದರು, ಯಾರೂ ಹೇಳದೆ. ಅವರನ್ನು ಹುಡುಗನ ಜೊತೆ ಹಾಕಿದೆ. ನಾಳೆ ಬರುವ ಜಾಬಿಗೆ ಬೇಕಾದ ಟೂಲ್, ಕಾಲೆಟ್, ಜಾ, ಗೇಜ್, ಹೊಸ ಡ್ರಾಯಿಂಗ್, ಎಲ್ಲವನ್ನೂ ಇವತ್ತು ಸಂಜೆಯೇ ಒಂದು ಟ್ರಾಲಿಯಲ್ಲಿ ಜೋಡಿಸಿ ಮಷೀನ್ ಪಕ್ಕ ನಿಲ್ಲಿಸುವುದು ಅವರ ಕೆಲಸ. ಇನ್‌ಸ್ಪೆಕ್ಷನ್ ಮಾಡುವ ಹುಡುಗಿಯ ಟೇಬಲ್ ಅನ್ನು ರೂಮಿನಿಂದ ಹೊರಗೆ ತಂದು ಲೇತ್‌ಗಳ ನಡುವೆ ಇಟ್ಟೆವು. ಧೂಳು ಬರುತ್ತದೆ ಅಂತ ಮೊದಲು ಅವಳಿಗೆ ಕೋಪ ಬಂತು, ಅದು ನ್ಯಾಯವೇ, ಸುತ್ತ ಗಾಜು ಹಾಕಿಸಿದೆವು. ಆಫೀಸಿನ ಫೋನ್ ಎಲ್ಲ ನನಗೆ. ಡೀಬರಿಂಗ್ ಟೇಬಲ್ ಎಲ್ಲಿಟ್ಟೆ ಅಂತ ಹೇಳಬೇಕಾಗಿಲ್ಲ. ಮಷೀನಿಂದ ಎರಡೇ ಹೆಜ್ಜೆ.

ಮೂರು ತಿಂಗಳು ಏನೂ ಆಗಲಿಲ್ಲ, ಅದನ್ನೂ ಹೇಳಬೇಕು. ಟ್ರಾಲಿಯಲ್ಲಿ ಏನಾದರೊಂದು ಬಿಟ್ಟುಹೋಗುತ್ತಿತ್ತು, ಹುಡುಗ ಸಿಡುಕುತ್ತಿದ್ದ, ನಿಧಾನದ ಅಣ್ಣನಿಗೆ ಅವಮಾನ ಆಗುತ್ತಿತ್ತು. ಒಂದು ಸಂಜೆ ಇಬ್ಬರನ್ನೂ ಕೂರಿಸಿ ಟೀ ತರಿಸಿದೆ. ಹುಡುಗನಿಗೆ ನಿನ್ನ ತಲೆಯಲ್ಲಿರುವ ಪಟ್ಟಿಯನ್ನು ಬಾಯಿಬಿಟ್ಟು ಹೇಳು ಅಂದೆ. ಅವನು ಹೇಳುತ್ತಾ ಹೋದ, ಇವರು ಬರೆದುಕೊಂಡರು, 34 ಸಾಲು ಆಯಿತು. ಅದನ್ನು ಲ್ಯಾಮಿನೇಟ್ ಮಾಡಿಸಿ ಟ್ರಾಲಿಗೆ ಕಟ್ಟಿದೆವು. ಅಲ್ಲಿಂದ ಜಗಳ ನಿಂತಿತು. ಒಳ್ಳೆ ಕೆಲಸಗಾರನಿಗೆ ತನಗೆ ಏನು ಬೇಕು ಅಂತ ಗೊತ್ತಿರುತ್ತದೆ. ಆದರೆ ಅದು ಅವನಿಗೆ ಎಷ್ಟು ಸಹಜ ಆಗಿಹೋಗಿರುತ್ತದೆ ಅಂದರೆ, ಕೇಳಿ ಹೊರಗೆ ತೆಗೆಸಬೇಕು. ಒಂದು ವರ್ಷದ ಹೊತ್ತಿಗೆ ಅದೇ ಎಂಟು ಗಂಟೆಯಲ್ಲಿ ಹುಡುಗನ ನಿಜವಾದ ಸೆಟ್ಟಿಂಗ್ ಸಮಯ ಐದು ಗಂಟೆ ದಾಟಿತು. ಅವನು ಮುಂಚೆಗಿಂತ ಬೇಗ ಮನೆಗೂ ಹೋಗುತ್ತಿದ್ದ.

ದುಡ್ಡಿನ ಮಾತು. ಕೆಲವರು ತಂಡ ತಂಡ ಅಂತ ಹೇಳಿ ಎಲ್ಲರಿಗೂ ಒಂದೇ ಅಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಹುಡುಗನ ಕೈಗೆ ಪೀಣ್ಯದಲ್ಲಿ ಏನು ಬೆಲೆ ಇದೆಯೋ ಅಷ್ಟು ಸಂಬಳ ಅವನಿಗೆ ಸಲ್ಲಬೇಕು, ಅವನು ಬಂದು ಕೇಳುವ ಮೊದಲೇ ಸಲ್ಲಬೇಕು. ಬ್ಯಾಚ್ ಚೆನ್ನಾಗಿ ಹೋದಾಗ ಬರುವ ಇನ್ಸೆಂಟಿವ್ ಮಾತ್ರ ಬೇರೆ. ಅದು ಆ ಮಷೀನಿನ ಸುತ್ತ ಇರುವ ಐದೂ ಜನರಿಗೆ ಸಮ ಪಾಲು. ಡೀಬರಿಂಗ್ ಮಾಡುವವರಿಗೂ ಅಷ್ಟೇ, ಸೆಟ್ಟರ್‌ಗೂ ಅಷ್ಟೇ. ಓನರ್ ಮೊದಲು ಒಪ್ಪಲಿಲ್ಲ. ನಾನು ಹಳೆ ಕಂಪನಿಯ ಆ ಆಯುಧಪೂಜೆ ಕಥೆ ಹೇಳಿದೆ, ಒಪ್ಪಿದರು. ದೊಡ್ಡ ದೊಡ್ಡ ಕಂಪನಿಗಳೂ ಈ ಪಾಠ ಕಲಿತಿವೆ. ಒಂದೇ ತಂಡದೊಳಗೆ ಜನರನ್ನು ಒಬ್ಬರ ಮೇಲೊಬ್ಬರು ಅಂತ ಸಾಲು ಹಚ್ಚಿ ಅಂಕ ಕೊಡುವ ಪದ್ಧತಿ ಮೈಕ್ರೋಸಾಫ್ಟ್‌ನಲ್ಲಿ ವರ್ಷಗಟ್ಟಲೆ ಇತ್ತು, 2013ರಲ್ಲಿ ಅವರೇ ಕೈಬಿಟ್ಟರು. ಪಕ್ಕದವನಿಗೆ ಸಹಾಯ ಮಾಡಿದರೆ ನನ್ನ ಅಂಕ ಕಡಿಮೆ ಆಗುತ್ತದೆ ಅಂದರೆ ಯಾರು ಸಹಾಯ ಮಾಡುತ್ತಾರೆ?

ಕೈ ಒಳ್ಳೆಯದು, ಬಾಯಿ ಕೆಟ್ಟದ್ದು ಅನ್ನೋ ಥರದವರೂ ಇರುತ್ತಾರೆ. ಹೆಲ್ಪರ್ ಮೇಲೆ ಕೂಗಾಡುವವರು, ಸ್ಪ್ಯಾನರ್ ಎಸೆಯುವವರು. ಅಂಥವರ ಸುತ್ತ ತಂಡ ಕಟ್ಟೋಕೆ ನಾನು ಹೋಗುವುದಿಲ್ಲ. ಕೂಗಿಸಿಕೊಂಡವನು ಮರುದಿನ "ಅಂಚು ದಪ್ಪ ಬರ್ತಿದೆ" ಅಂತ ಹೇಳುವುದಿಲ್ಲ, ಅಷ್ಟೇ ಸಾಕು.

ಪ್ರಮೋಷನ್ ವಿಷಯದಲ್ಲಿ ಹುಡುಗನನ್ನೇ ಕೇಳಿದೆ. ಸೂಪರ್‌ವೈಸರ್ ಆಗ್ತೀಯಾ? "ಬೇಡ ಸಾರ್, ಮಷೀನ್ ಬಿಟ್ಟರೆ ನನಗೆ ಸೇರಲ್ಲ" ಅಂದ. ಈ ಸಲ ನಾನು ಆ ಮಾತನ್ನು ಕೇಳಿಸಿಕೊಂಡೆ. ಸೀನಿಯರ್ ಸೆಟ್ಟರ್ ಅಂತ ಒಂದು ಗ್ರೇಡ್ ಮಾಡಿ ಸೂಪರ್‌ವೈಸರ್ ಸಂಬಳವನ್ನೇ ಕೊಟ್ಟೆವು. ಜನರನ್ನು ನೋಡಿಕೊಳ್ಳುವ ಆಸೆ ಇನ್ನೊಬ್ಬನಿಗಿತ್ತು, ಅವನು ಸೂಪರ್‌ವೈಸರ್ ಆದ, ಚೆನ್ನಾಗಿ ಮಾಡುತ್ತಿದ್ದಾನೆ.

ನಾಳೆ ಹುಡುಗ ಬಿಟ್ಟು ಹೋದರೆ ಅಂತ ಓನರ್ ಈಗಲೂ ಕೇಳುತ್ತಾರೆ. ಹೋಗಬಹುದು. ಹೋಗುವ ಹಕ್ಕು ಅವನಿಗಿದೆ. ಅವನು ತಿಳಿದದ್ದನ್ನು ಬೇರೆಯವರಿಗೆ ಕಲಿಸಿಬಿಟ್ಟರೆ ಅವನನ್ನು ಸಂಬಳದಲ್ಲಿ ಒತ್ತಬಹುದು ಅನ್ನೋ ಲೆಕ್ಕ ಕೆಲವರು ಹಾಕುತ್ತಾರೆ, ಅದು ಕೆಟ್ಟ ಲೆಕ್ಕ, ಹುಡುಗರಿಗೆ ಅದು ಒಂದೇ ವಾರದಲ್ಲಿ ವಾಸನೆ ಬಡಿಯುತ್ತದೆ, ಆಮೇಲೆ ಯಾರೂ ಯಾರಿಗೂ ಏನೂ ಕಲಿಸುವುದಿಲ್ಲ. ಅವನು ನಮ್ಮಲ್ಲಿ ಇರಬೇಕೆಂದರೆ ಇಲ್ಲಿ ಅವನ ಕೈ ಓಡಬೇಕು. ನನ್ನಿಂದ ಆಗುವುದು ಅಷ್ಟನ್ನು ನೋಡಿಕೊಳ್ಳೋದು.

ಹೋದ ತಿಂಗಳು ಅವನ ತಂಗಿ ಮದುವೆ. ನಾಲ್ಕು ದಿನ ರಜಾ ಹಾಕಿ ಊರಿಗೆ ಹೋದ. ಅದೇ ವಾರ ಒಂದು ಶಾಫ್ಟ್ ಜಾಬ್ ಓಡುತ್ತಿತ್ತು, ಬೇರಿಂಗ್ ಕೂರುವ ಜಾಗದಲ್ಲಿ 30 ಮಿಲಿಮೀಟರ್, ಕೆ6 ಫಿಟ್, ಒಟ್ಟು 13 ಮೈಕ್ರಾನ್ ಜಾಗ. ಎರಡನೇ ದಿನ ಮಧ್ಯಾಹ್ನ ಡೀಬರಿಂಗ್ ಟೇಬಲ್‌ನಿಂದ ಕೂಗು ಬಂತು, ಗ್ರೂವ್ ಅಂಚು ಚುಚ್ಚುತ್ತಿದೆ ಅಂತ. ನಾನು ಫೋನ್ ತೆಗೆದೆ, ಹುಡುಗನ ನಂಬರ್ ಒತ್ತೋಕೆ. ಅಷ್ಟರಲ್ಲಿ ಟ್ರಾಲಿ ಅಣ್ಣ ಮಷೀನ್ ನಿಲ್ಲಿಸಿ, ಇನ್ಸರ್ಟ್ ಬದಲಿಸಿ, ಒಂದು ಪೀಸ್ ತೆಗೆದು ಇನ್‌ಸ್ಪೆಕ್ಷನ್ ಹುಡುಗಿಯ ಕೈಗಿಟ್ಟಿದ್ದರು. ಅವಳು ಮೈಕ್ರೋಮೀಟರ್ ನೋಡಿ "ಮೇಲಿದೆ, ಆರು ಇಳಿಸಿ" ಅಂದಳು. ಅವರು ಕನ್ನಡಕ ಹಾಕಿಕೊಂಡು ಎಕ್ಸ್ ವೇರ್, ಅಂದರೆ ಟೂಲ್ ಸವೆತದ ಆಫ್‌ಸೆಟ್‌ನಲ್ಲಿ ಮೈನಸ್ 0.006 ಒತ್ತಿದರು. ಮುಂದಿನ ಪೀಸ್ ಸರಿ ಬಂತು. ನಾನು ಫೋನ್ ಜೇಬಿಗೆ ಹಾಕಿಕೊಂಡೆ.

ಹುಡುಗ ಸೋಮವಾರ ಬಂದ, ಕೈಯಲ್ಲಿ ಮದುವೆ ಮನೆಯ ಲಾಡು ಡಬ್ಬಿ. ಎಲ್ಲರಿಗೂ ಹಂಚುವ ಮುಂಚೆ, ಅಭ್ಯಾಸಬಲ, ಮಷೀನ್ ಹತ್ತಿರ ಹೋಗಿ ಆಫ್‌ಸೆಟ್ ಪೇಜ್ ತೆಗೆದು ನೋಡಿದ. ಲಾಗ್ ಶೀಟ್ ಕಡೆ ತಿರುಗಿದ. ಅಲ್ಲಿ ಪೆನ್ಸಿಲ್ಲಿನಲ್ಲಿ ತಾರೀಖು, ಟೈಮು, ಮೈನಸ್ 0.006, ಅದರ ಪಕ್ಕ ಇಲ್ಲಿನ ಡೀಬರಿಂಗ್ ಅಕ್ಕನ ಹೆಸರು. ಯಾರು ಹೇಳಿದ್ದಕ್ಕೆ ಬದಲಿಸಿದ್ದು ಅಂತ ಬರೆಯುವುದನ್ನು ಟ್ರಾಲಿ ಅಣ್ಣ, ಅಕ್ಕ ಇಬ್ಬರೇ ಯಾವಾಗಲೋ ಶುರು ಮಾಡಿಕೊಂಡಿದ್ದರಂತೆ, ನನಗೆ ಗೊತ್ತಿರಲಿಲ್ಲ. ಹುಡುಗ ಡಬ್ಬಿ ತೆಗೆದು ಮೊದಲ ಲಾಡನ್ನು ಆ ಟೇಬಲ್‌ಗೆ ಒಯ್ದ. ಅಕ್ಕನ ಕೈ ಎಣ್ಣೆಯಾಗಿತ್ತು. ಸೆರಗಿಗೆ ಒರೆಸಿಕೊಂಡು, ಹೆಬ್ಬೆರಳು ಮಾತ್ರ ಇನ್ನೊಮ್ಮೆ ಒರೆಸಿಕೊಂಡು, ತೆಗೆದುಕೊಂಡರು.